ಪ್ಯಾಕೆಟ್ಟಿಗೆ ಬಂದ ಕಷಾಯ

ಶುಂಠಿ, ತುಳಸಿ, ಜೀರಿಗೆ, ಕಾಳುಮೆಣಸು ಹಾಕಿ ಕುದಿಸಿದ್ದನ್ನು ಕನ್ನಡಿಗರು ಕಷಾಯವೆಂದರು. ಶೀತಕ್ಕೆ, ಕೆಮ್ಮಿಗೆ, ಮಳೆಗಾಲದ ಸಂಜೆಗೆ ಅದು ಸಾಕಾಗಿತ್ತು. ಅದಕ್ಕಿಂತ ಹೆಚ್ಚಿನದನ್ನು ಯಾವ ಅಜ್ಜಿಯೂ ಅದರ ಮೇಲೆ ಹೇರಲಿಲ್ಲ. ಅದೇ ಕಷಾಯ ಅಮೆರಿಕದ ಅಂಗಡಿಯಲ್ಲಿ 'ಹರ್ಬಲ್ ಟೀ' ಆಗಿ ಕುಳಿತೊಡನೆ, ಕಠಿಣ ವ್ಯಾಯಾಮದಿಂದ ಹುಟ್ಟುವ 'ಆಕ್ಸಿಡೇಟಿವ್ ಸ್ಟ್ರೆಸ್' ನೀಗುವ ದಿವ್ಯೌಷಧವಾಗುತ್ತದೆ. ಜಿಮ್ಮಿನಿಂದ ಹೊರಬೀಳುವ ವಲಸಿಗ ಒಂದೇ ಬೆಲೆಗೆ ಎರಡನ್ನು ಕೊಳ್ಳುತ್ತಾನೆ: ಪ್ರಯೋಗಾಲಯದ ಮುದ್ರೆ, ಪುರಾತನ ಪರಂಪರೆಯ ಹೆಮ್ಮೆ.

ಬಿರುಸಾಗಿ ಓಡುವ, ಭಾರ ಎತ್ತುವ ದೇಹದಲ್ಲಿ ಫ್ರೀ ರಾಡಿಕಲ್‌ಗಳು ಹೆಚ್ಚುತ್ತವೆ ಎಂಬುದು ನಿಜ. ಹೆಚ್ಚಿದ್ದನ್ನೆಲ್ಲ ಅಳಿಸಲೇಬೇಕು ಎನ್ನುವಲ್ಲಿ ವ್ಯಾಪಾರ ಶುರುವಾಗುತ್ತದೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ಅವರಲ್ಲಿ ಕೆಲವರು ದಿನಕ್ಕೆ 1000 ಮಿಲಿಗ್ರಾಂ ಸಿ ಜೀವಸತ್ವವನ್ನೂ 400 ಐಯು ಇ ಜೀವಸತ್ವವನ್ನೂ ಸೇವಿಸಿದರು. ದೇಹ ಇನ್ಸುಲಿನ್‌ಗೆ ಸ್ಪಂದಿಸುವ ಗುಣ ಸುಧಾರಿಸಿದ್ದು ಮಾತ್ರೆ ನುಂಗದವರಲ್ಲಿ. ಅಳಿಸಬೇಕೆಂದು ಹೊರಟ ಒತ್ತಡವೇ, ಮೈಗೂಡು, ಗಟ್ಟಿಯಾಗು ಎಂದು ದೇಹಕ್ಕೆ ಹೋಗುವ ಕರೆಯೂ ಆಗಿತ್ತು.

ಒಂದು ಲೋಟ ಚಹಾದಲ್ಲಿ ಅಷ್ಟು ಪ್ರಮಾಣ ಎಲ್ಲಿದೆ ಎಂದು ಮಾರುವವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಿದ್ದರೆ ಪ್ಯಾಕೆಟ್ಟಿನ ಮೇಲಿನ ಘೋಷಣೆ ಯಾವುದರ ಬಗ್ಗೆ? ರಕ್ತದಲ್ಲಿ ಮಾಲೋನ್‌ಡೈಆಲ್ಡಿಹೈಡ್ ತುಸು ಇಳಿದರೆ ಇಳಿದದ್ದು ಒಂದು ಅಂಕಿ. ಸ್ನಾಯು ಬಲವಾಯಿತೇ, ಆಯುಷ್ಯ ಹೆಚ್ಚಿತೇ ಎಂಬುದಕ್ಕೆ ಆ ಅಂಕಿ ಉತ್ತರವಲ್ಲ. ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಪ್ರನಾಳದಲ್ಲಿ ಅಳೆದ 'ಒರಾಕ್' ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂತೆಗೆದುಕೊಂಡಿತು. ಕಂಪನಿಗಳು ಅದನ್ನು ಜಾಹೀರಾತಿಗೆ ದುರ್ಬಳಕೆ ಮಾಡುತ್ತಿವೆ, ಮನುಷ್ಯನ ಆರೋಗ್ಯಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ ಎಂಬುದು ಅದು ಕೊಟ್ಟ ಕಾರಣ. ಪಟ್ಟಿ ಹೋಯಿತು, ಜಾಹೀರಾತು ಹೋಗಲಿಲ್ಲ.

ಹೋಗಬೇಕಾದ ಅಗತ್ಯವೂ ಇರಲಿಲ್ಲ. ಪೂರಕಗಳೆಂದು ಮಾರುವ ಸರಕಿನ ಪರಿಣಾಮವನ್ನು ಮಾರುಕಟ್ಟೆಗೆ ತರುವ ಮುನ್ನ ಎಫ್‌ಡಿಎ ಎದುರು ಸಾಬೀತುಪಡಿಸಬೇಕಿಲ್ಲ ಎಂಬ ಸೌಲಭ್ಯವನ್ನು 1994ರ ಕಾಯ್ದೆ ದಯಪಾಲಿಸಿದೆ. ಎಫ್‌ಡಿಎ ಈ ಹೇಳಿಕೆಯನ್ನು ಪರಿಶೀಲಿಸಿಲ್ಲ ಎಂಬ ಸಾಲೊಂದನ್ನು ಸಣ್ಣಕ್ಷರದಲ್ಲಿ ಮುದ್ರಿಸಿದರಾಯಿತು. ಊರಿನ ನಾಟಿವೈದ್ಯನನ್ನು ಮೂಢನೆಂದು ನಗುವ ವಿದ್ಯಾವಂತರು ಈ ಸಣ್ಣಕ್ಷರದ ಮುಂದೆ ಮಾತ್ರ ವಿನೀತರು.

ಈ ಮಾರುಕಟ್ಟೆಗೆ ಕಾಣುವುದು ಹಣ ಕೊಟ್ಟು ಪಡೆದ ದಣಿವು ಮಾತ್ರ. ಕೂಲಿಗಾಗಿ ಪಡುವ ದಣಿವಿಗೆ ಅಲ್ಲಿ ಹೆಸರಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸುವುದು ನಿಷಿದ್ಧ: ದಿನಕ್ಕೆ ಎರಡೂವರೆ ಗಂಟೆ. ಬೆಳಗಿನ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಅಲ್ಲಿ ಬಿಸಿಲೇ. ಆ ಹೊತ್ತಿನಲ್ಲಿ ಕಬ್ಬಿಣ ಕಟ್ಟುವವನಿಗೆ ಬೇಕಾದದ್ದು ನೀರು, ನೆರಳು, ಕೂಲಿ ಕಡಿಯದ ವಿರಾಮ. ಇವುಗಳಲ್ಲಿ ಯಾವುದನ್ನೂ ಯಾರೂ ಪ್ಯಾಕೆಟ್ಟಿಗೆ ತುಂಬಿ ಮಾರುತ್ತಿಲ್ಲ.