ಅಳೆಯುವ ಕೊಳಗ ಯಾರ ಕೈಯಲ್ಲಿ?

ಯಂತ್ರಕ್ಕೆ ಬೆರಳು ಕೊಟ್ಟ ಕಾರ್ಮಿಕನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ, ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟವೆಂದೂ, ತೋರುಬೆರಳು ಪೂರಾ ಹೋದರೆ ನೂರಕ್ಕೆ 14 ನಷ್ಟವೆಂದೂ ಬಹುಕಾಲ ಬರೆದಿತ್ತು. ಅಚ್ಚುಮೊಳೆ ಜೋಡಿಸುವವನಿಗೂ, ಕುಲುಮೆಯ ಮುಂದೆ ನಿಲ್ಲುವವನಿಗೂ, ಗೇಟು ಕಾಯುವವನಿಗೂ ಅದೇ ಅಂಕಿ. ಅಂಕಿ ಇದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಮಾಲೀಕನ ಮರ್ಜಿಯೇ ಕಾಯಿದೆಯಾಗುತ್ತಿತ್ತು. ಆದರೆ ಅದನ್ನು ಬರೆಯುವಾಗ ಬೆರಳು ಕಳೆದುಕೊಂಡವನನ್ನು ಕೇಳಿದವರು ಯಾರು?

ಇದೇ ಪ್ರಶ್ನೆಯನ್ನು ನಾವು ಇಂದು ಅಂಗವಿಕಲರಿಗೆ ಸರಕಾರ ಕೊಡುವ ನೆರವು ಮತ್ತು ಚಿಕಿತ್ಸೆಗಳ ವಿಷಯದಲ್ಲಿ ಎತ್ತಬಯಸುತ್ತೇವೆ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಪುನರ್ವಸತಿಯ ಕಾರ್ಯಕ್ರಮಗಳನ್ನು ನಡೆಸುವ ಹೊಣೆ ಸರಕಾರದ್ದು ಮತ್ತು ಸ್ಥಳೀಯ ಸಂಸ್ಥೆಗಳದ್ದು ಎಂದಿದೆ. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಬಾಲಂಗೋಚಿಯನ್ನೂ ಅಂಟಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಡುತ್ತದೆ. ಆ ಲಕ್ಷದೊಳಗೆ ಚಿಕಿತ್ಸೆಯ ಒಂದೊಂದು ಬಾಬಿಗೂ ಒಂದೊಂದು ಮಿತಿ. ಗಾಲಿಕುರ್ಚಿ, ಶ್ರವಣಯಂತ್ರಗಳನ್ನು ಹಂಚುವ ಕೇಂದ್ರದ ಯೋಜನೆ 1981ರಷ್ಟು ಹಳೆಯದು. ಈ ಪಟ್ಟಿಯಲ್ಲಿ ಯಾವುದು ಸೇರಬೇಕು, ಯಾವುದು ಬಿಡಬೇಕು, ಎಷ್ಟು ಕಾಲ ಕೊಡಬೇಕು? ಇದನ್ನು ಯಾವ ಸಾಕ್ಷ್ಯದ ಮೇಲೆ ಯಾರು ತೀರ್ಮಾನಿಸುತ್ತಾರೆ?

ಸಾಕ್ಷ್ಯ ಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಮಗುವಿಗೆ ಮಾತು ಬರಿಸುತ್ತೇವೆ, ಕಾಲು ನೆಟ್ಟಗೆ ಮಾಡುತ್ತೇವೆ ಎಂದು ನಂಬಿಸಿ ದುಡ್ಡು ಮಾಡುವವರು ದೇಶದಲ್ಲಿ ಕಡಿಮೆಯಿಲ್ಲ. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯೆಂದು ಲಕ್ಷಗಟ್ಟಲೆ ವಸೂಲಿ ನಡೆದಾಗ, ಅದನ್ನು ಶಿಫಾರಸು ಮಾಡಲಾಗದು, ಅದರ ಪ್ರಚಾರ ವೈದ್ಯವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಇಂಥ ಮೋಸಕ್ಕೆ ಮೊದಲು ಬಲಿಯಾಗುವುದು ಒಡವೆ ಅಡವಿಟ್ಟು, ಅಂಗಡಿಯ ಬಂಡವಾಳ ಕರಗಿಸಿ ಮಗುವಿನ ಕೈಹಿಡಿದು ಹೊರಡುವ ಬಡ ತಾಯಿತಂದೆ. ಸಾರ್ವಜನಿಕರ ಒಂದು ಕಾಸೂ ಅಂಥ ಕಡೆ ಹೋಗಬಾರದು.

ಆದರೆ 'ಸಾಕ್ಷ್ಯವಿಲ್ಲ' ಎಂಬ ಮಾತು ಲೆಕ್ಕಪತ್ರದ ಅಧಿಕಾರಿಯ ಕೈಗೆ ಸಿಕ್ಕಿದರೆ ಕತ್ತರಿಯಾಗುತ್ತದೆ. ಪರೀಕ್ಷಿಸಿ ನಿಷ್ಪ್ರಯೋಜಕವೆಂದು ಕಂಡದ್ದು ಬೇರೆ, ಪರೀಕ್ಷೆಯನ್ನೇ ಮಾಡದೆ ಬಿಟ್ಟದ್ದು ಬೇರೆ. ದೂರದ ದೇಶದಲ್ಲಿ ಇಂಗ್ಲಿಷ್ ಆಡುವ ಮಕ್ಕಳ ಮೇಲೆ ನಡೆದ ಅಧ್ಯಯನ, ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ಉರ್ದುವನ್ನೋ ಕೇಳಿ ಬೆಳೆಯುವ ಭದ್ರಾವತಿಯ ಮಗುವಿಗೆ ಹಾಗೆಯೇ ಅನ್ವಯಿಸೀತೆ? 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ನಮ್ಮ ನೆಲದ ಸಾಕ್ಷ್ಯವನ್ನು ನಾವೇ ಕೂಡಿಸಲು ಬೇಕಾದ ವಿದ್ಯೆಗೆ ಕೊರತೆಯಿಲ್ಲ. ಬೇಕಾದದ್ದು ಹಣ ಮತ್ತು ಮನಸ್ಸು.

ಇನ್ನು ಕೆಲವು ಸಾಕ್ಷ್ಯ ಆಸ್ಪತ್ರೆಯ ಕಡತದಲ್ಲಿ ಸಿಗುವುದೇ ಇಲ್ಲ. ಶಿಬಿರದಲ್ಲಿ ಕೊಟ್ಟ ತ್ರಿಚಕ್ರ ವಾಹನ ಮನೆಯ ಮುಂದಿನ ಚರಂಡಿಯ ಕಲ್ಲು ದಾಟುತ್ತದೆಯೇ ಎಂಬುದು ಅದನ್ನು ತುಳಿಯುವವನಿಗೆ ಗೊತ್ತು. ಶ್ರವಣಯಂತ್ರದ ಬ್ಯಾಟರಿ ಮುಗಿದ ಮೇಲೆ ಅದು ಎಷ್ಟು ದಿನ ಡಬ್ಬಿಯಲ್ಲೇ ಕೂತಿರುತ್ತದೆ ಎಂಬುದು ಮನೆಯವರಿಗೆ ಗೊತ್ತು. ನ್ಯೂ ಟೌನಿನಿಂದ ಶಿವಮೊಗ್ಗದ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋಗಿಬರುವ ತಾಯಿಗೆ, ವಾರಕ್ಕೆ ಮೂರು ಸಲ ಎಂದು ಚೀಟಿಯಲ್ಲಿ ಬರೆದ ಚಿಕಿತ್ಸೆ ವಾರಕ್ಕೆ ಮೂರು ದಿನದ ಕೂಲಿಗೆ ಸಮ. ಚಿಕಿತ್ಸೆ ಸೋತಿತೋ, ಬಸ್ಸಿನ ಖರ್ಚು ಸೋಲಿಸಿತೋ ಎಂದು ಆಕೆಯನ್ನು ಕೇಳದೆ ಹೇಗೆ ತಿಳಿದೀತು? ಎಷ್ಟು ಸಲಕರಣೆ ಹಂಚಿದೆವು ಎಂಬ ಲೆಕ್ಕ ಸಾಲದು. ವರ್ಷ ಕಳೆದ ಮೇಲೆ ಎಷ್ಟು ಬಳಕೆಯಲ್ಲಿವೆ ಎಂಬ ಲೆಕ್ಕ ಬೇಕು.

ನಮ್ಮ ಜಿಲ್ಲೆಗೆ ಇದು ಹೊಸ ಜಗಳವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ತಕರಾರು ಎತ್ತಿದ್ದು ಮೊದಲು ಕೊಳಗದ ಮೇಲೆ. ಭತ್ತ ಬೆಳೆದವನು ಒಕ್ಕಲು, ಅಳೆಯುವ ಕೊಳಗ ಧಣಿಯದು; ಕೊಳಗದ ಗಾತ್ರ ಧಣಿ ಹೇಳಿದಷ್ಟು. ಅಳತೆಯೇ ಬೇಡವೆಂದು ಆ ರೈತರು ಹೇಳಲಿಲ್ಲ. ಅಳತೆ ನ್ಯಾಯವಾಗಿರಲಿ ಎಂದರು. ನಾವು ಹೇಳುವುದೂ ಅಷ್ಟೇ.

ಜನರನ್ನು ಕೇಳುವುದು ಸರಕಾರದ ಔದಾರ್ಯವಲ್ಲ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿ, ಅವರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರೊಡನೆ ಸಮಾಲೋಚಿಸುವುದಾಗಿ ಮಾತು ಕೊಟ್ಟಿದೆ. ಕಾನೂನು ಮಾಡುವ ಮೊದಲು ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರವೇ 2014ರಲ್ಲಿ ನೀತಿ ಮಾಡಿಕೊಂಡಿದೆ. ಆದರೂ 2020ರ ಜುಲೈನಲ್ಲಿ, ಸೋಂಕಿನ ಕಾಲದಲ್ಲಿ, 2016ರ ಕಾಯಿದೆಯ ದಂಡನೆಯ ಕಲಮುಗಳನ್ನು ಸಡಿಲಿಸುವ ಪ್ರಸ್ತಾಪವನ್ನು ಕೆಲವೇ ಸಂಸ್ಥೆಗಳಿಗೆ ಕಳಿಸಿ, ಕೆಲವೇ ದಿನಗಳ ಗಡುವು ಕೊಟ್ಟರು. ದೇಶದ ಉದ್ದಗಲಕ್ಕೂ ಅಂಗವಿಕಲರ ಸಂಘಟನೆಗಳು ಎದ್ದು ನಿಂತವು, ಪ್ರಸ್ತಾಪವನ್ನು ಕೈಬಿಡಬೇಕಾಯಿತು. ಸಂಘಟಿತರಾದವರ ಮಾತಿಗೆ ಬೆಲೆಯುಂಟು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ, ಅಂಗವಿಕಲರ ವಿಮಾ ಯೋಜನೆ ಯಾವ ನೆರವಿಗೆ ಹಣ ಕೊಡಬೇಕೆಂದು ಸಲಹೆ ಮಾಡಲು 2025ರಲ್ಲಿ ಸಾಕ್ಷ್ಯ ಸಮಿತಿಯೊಂದು ಕೆಲಸ ಆರಂಭಿಸಿ, ಬಳಸುವವರ ಅನುಭವವನ್ನೂ ಬಹಿರಂಗವಾಗಿ ಕೇಳತೊಡಗಿದೆ. ಅಲ್ಲಿಯೂ ಕತ್ತರಿಯ ಭಯ ಇಲ್ಲದಿಲ್ಲ. ಆದರೂ ಕೇಳುವ ಪದ್ಧತಿಯನ್ನು ನಾವು ಕಲಿಯಬಹುದು.

ಆದುದರಿಂದ ನಮ್ಮ ಹಕ್ಕೊತ್ತಾಯಗಳು ಇವು. ಒಂದು, ಸರಕಾರದ ಹಣದಿಂದ ನಡೆಯುವ ಚಿಕಿತ್ಸೆ, ಸಲಕರಣೆಗಳ ಪಟ್ಟಿಯನ್ನು ಬದಲಿಸುವ ಮುನ್ನ ಕರಡು ತಿಳಿಗನ್ನಡದಲ್ಲಿ ಬರಲಿ. ಕಣ್ಣು ಕಾಣದವರಿಗೆ ಓದಿ ಹೇಳಲಿ, ಕಿವಿ ಕೇಳದವರಿಗೆ ಸಂಜ್ಞೆಯಲ್ಲಿ ತಿಳಿಸಲಿ. ಎರಡು, ಕಾಯಿದೆಯ 72ನೆಯ ಕಲಮು ಹೇಳುವ ಜಿಲ್ಲಾ ಸಮಿತಿ ಶಿವಮೊಗ್ಗದ ಕಚೇರಿಯಲ್ಲಿ ಮಾತ್ರವಲ್ಲ, ಭದ್ರಾವತಿಯಲ್ಲೂ ಪ್ರತಿ ತಾಲ್ಲೂಕಿನಲ್ಲೂ ಬಹಿರಂಗ ಸಭೆ ನಡೆಸಲಿ. ಸಭೆ ರಜೆಯ ದಿನವಿರಲಿ, ಮೆಟ್ಟಿಲಿಲ್ಲದ ಕಟ್ಟಡದಲ್ಲಿರಲಿ. ಮೂರು, ಒಂದು ನೆರವನ್ನು ಕೈಬಿಟ್ಟರೆ ಕಾರಣವನ್ನು ಬರೆದು ಪ್ರಕಟಿಸಲಿ. ವಿಚಾರಣೆ ಮುಗಿಯುವವರೆಗೆ, ಅಪಾಯವಿಲ್ಲದ ಯಾವ ಚಿಕಿತ್ಸೆಯನ್ನೂ ನಿಲ್ಲಿಸದಿರಲಿ. ನಾಲ್ಕು, 48ನೆಯ ಕಲಮಿನ ಸಾಮಾಜಿಕ ಲೆಕ್ಕಪರಿಶೋಧನೆ ಮನೆಮನೆಗೆ ಬರಲಿ.

ಇದು ಅಂಗವಿಕಲರ ಮನೆಯವರದಷ್ಟೇ ಪ್ರಶ್ನೆಯೆಂದು ನಮ್ಮ ಓದುಗರು ತಿಳಿಯಬಾರದು. ಭದ್ರಾವತಿ 1918ರಿಂದ ಕಬ್ಬಿಣದ ಕಾರ್ಖಾನೆಯ ಸುತ್ತ, 1936ರಿಂದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ಬೆಂಕಿ, ಕಬ್ಬಿಣ, ಉರುಳೆಗಳ ನಡುವೆ ದುಡಿದವನ ಮೈ ಎಂದು ಯಾವ ನೆರವನ್ನು ಬೇಡುತ್ತದೆಂದು ಹೇಳಬಲ್ಲವರಾರು? ಅಂಗಡಿಯ ಯಜಮಾನನಿಗೂ ಮುಪ್ಪು ಬರುತ್ತದೆ, ಮೊಣಕಾಲು ಸೋಲುತ್ತದೆ. ಕಾರ್ಮಿಕ ಸಂಘಗಳು ತಮ್ಮ ಮುಂದಿನ ಸಭೆಯಲ್ಲೇ ಈ ವಿಷಯವನ್ನು ಎತ್ತಿಕೊಳ್ಳಲಿ. ವರ್ತಕ ಸಂಘಗಳು ದನಿಗೂಡಿಸಲಿ. ಅಂಗವಿಕಲರೇ ಮುಂದೆ ನಿಂತು ಮಾತಾಡಲಿ, ನಾವು ಅವರ ಬೆನ್ನಿಗಿರೋಣ.