ದೇವಳಾಲಿಯ ಮೇಲಣ ಅಪವಾದ

ಇಂಗ್ಲೆಂಡಿನ ಜನಸಾಮಾನ್ಯರ ಬಾಯಲ್ಲಿ 'ಡೂಲ್ಯಾಲಿ' ಎಂಬ ಮಾತೊಂದುಂಟು. ಬುದ್ಧಿ ಸ್ಥಿಮಿತ ತಪ್ಪಿದವನನ್ನು ಕುರಿತು 'ಅವನು ಡೂಲ್ಯಾಲಿಯಾಗಿದ್ದಾನೆ' ಎಂದು ಹಾಸ್ಯಮಾಡುವುದು ಅಲ್ಲಿ ರೂಢಿ. ನಿಘಂಟುಗಳು 'ಹುಚ್ಚು ಹಿಡಿದ' ಎಂದು ಅರ್ಥವನ್ನು ಹೇಳಿ, ನಾಸಿಕದ ಸಮೀಪದ ದೇವಳಾಲಿಯೆಂಬ ಊರಿನ ಹೆಸರೇ ಇದಕ್ಕೆ ಮೂಲವೆಂದು ತಿಳಿಸಿ ಸುಮ್ಮನಾಗುತ್ತವೆ. ಉಳಿದುದನ್ನು ಲೋಕವು ತನಗೆ ತೋರಿದಂತೆ ತುಂಬಿಕೊಂಡಿದೆ.

ಮೊದಲು ಈ ಮಾತಿನ ಪೂರ್ಣರೂಪ 'ಡೂಲ್ಯಾಲಿ ಟ್ಯಾಪ್' ಎಂದಿದ್ದಿತು. ಇಲ್ಲಿಯ 'ಟ್ಯಾಪ್' ನೀರಿನ ನಲ್ಲಿಯೂ ಅಲ್ಲ, ಬಾಗಿಲು ತಟ್ಟುವ ಸದ್ದೂ ಅಲ್ಲ. ಪಾರಸಿಯಿಂದ ಉರ್ದುವಿಗೆ ಬಂದ, ಜ್ವರವೆಂಬರ್ಥದ 'ತಪ್'. ನಮ್ಮ 'ತಾಪ'ಕ್ಕೆ ಅದು ದಾಯಾದಿ. ಇಷ್ಟನ್ನು ಕೇಳಿದೊಡನೆ, ಇಂಡಿಯಾದ ಉರಿಬಿಸಿಲಿಗೆ ಬಿಳಿಯ ಸೋಲ್ಜರನ ತಲೆ ಕಾದು ಕೆಟ್ಟಿತೆಂದು ಅನೇಕರು ಕಥೆ ಕಟ್ಟಿಕೊಳ್ಳುವರು. ವ್ಯುತ್ಪತ್ತಿ ಸರಿ, ಕಥೆ ಸರಿಯಲ್ಲ.

ದೇವಳಾಲಿಯು ಸಮುದ್ರಮಟ್ಟಕ್ಕೆ ಸುಮಾರು 1,800 ಅಡಿ ಮೇಲಿರುವ ಊರು. ಗಾಳಿ ಹಿತವಾದುದೆಂದು ಅಲ್ಲಿ ಆರೋಗ್ಯಧಾಮಗಳನ್ನು ಕಟ್ಟಿದ್ದಾರೆ. ರೋಗಿಗಳು ಚೇತರಿಸಿಕೊಳ್ಳಲೆಂದು ಹೋಗುವ ಸ್ಥಳದಲ್ಲಿ ಗಟ್ಟಿಮುಟ್ಟಾದ ಸೈನಿಕರಿಗೆ ಬುದ್ಧಿ ಕೆಟ್ಟುದೇಕೆ? ಉತ್ತರವು ಹವೆಯಲ್ಲಿಲ್ಲ, ಹಡಗಿನಲ್ಲಿದೆ. ಸೇವೆಯ ಅವಧಿ ತೀರಿದ ಬ್ರಿಟಿಷ್ ಸೈನಿಕರನ್ನು ಸ್ವದೇಶಕ್ಕೆ ಕಳುಹುವ ಮೊದಲು ಅಲ್ಲಿಯ ಶಿಬಿರದಲ್ಲಿ ಇರಿಸುತ್ತಿದ್ದರು. ಸೈನ್ಯದ ಹಡಗುಗಳೋ ಚಳಿಗಾಲದ ಆ ಕೆಲವು ತಿಂಗಳುಗಳಲ್ಲಿ ಮಾತ್ರ ಹೊರಡುತ್ತಿದ್ದುವು. ಕಡೆಯ ಹಡಗು ತಪ್ಪಿದವನಿಗೆ ಮುಂದಿನ ಶರತ್ಕಾಲದವರೆಗೆ ಬಿಡುಗಡೆಯಿಲ್ಲ. ವರ್ಷಗಟ್ಟಲೆ ದುಡಿದು, ಮನೆಯ ಹಾದಿ ಕಂಡ ಮೇಲೆ, ಮಾಡಲು ಹೇಳಿಕೊಳ್ಳುವಂಥ ಕೆಲಸವಿಲ್ಲದೆ ಬರಿದೆ ದಿನ ಎಣಿಸುತ್ತ ಕುಳಿತಿರಬೇಕು! ಆ ಕಾಲದ ಇಂಡಿಯಾದಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದ ಫ್ರ್ಯಾಂಕ್ ರಿಚರ್ಡ್ಸನು 1936ರಲ್ಲಿ ಪ್ರಕಟವಾದ 'ಓಲ್ಡ್ ಸೋಲ್ಜರ್ ಸಾಹಿಬ್' ಎಂಬ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಅದುವರೆಗೆ ಕಳಂಕವಿಲ್ಲದೆ ನಡೆದವರೂ ಅಲ್ಲಿ ಕೆಟ್ಟು ಸೆರೆಮನೆ ಸೇರಿದರಂತೆ.

ಹೀಗಿರಲು, ತಪ್ಪು ಸೈನ್ಯಾಡಳಿತದ್ದು, ಹೆಸರು ಕೆಟ್ಟುದು ಊರಿನದು. ನಗೆಗೀಡಾದವನಂತೂ ಆ ಬಡ ಸಿಪಾಯಿ. ಬಿ.ಬಿ.ಸಿ.ಯವರು 1974ರಲ್ಲಿ ಮೊದಲುಮಾಡಿದ ಹಾಸ್ಯನಾಟಕಮಾಲೆಯೊಂದಕ್ಕೂ ಈ ದೇವಳಾಲಿಯೇ ರಂಗಸ್ಥಳವಾಯಿತು; ಅದರ ಶೀರ್ಷಿಕೆಯಲ್ಲಿ ಮತ್ತದೇ ಸೆಖೆಯ ಮಾತು!

ಬೀದಿಯ ನುಡಿಯೊಂದಕ್ಕೆ ಇಷ್ಟು ವಿಚಾರಣೆ ಏಕೆಂದು ಕೇಳುವ ಪಂಡಿತರುಂಟು. ಸರಕಾರದ ವರದಿಗಳನ್ನು ಬರೆದವರು ಅಧಿಕಾರಿಗಳು. ಸಿಪಾಯಿಯ ಕೈಯಲ್ಲಿದ್ದುದು ಈ ಬೀದಿಯ ನುಡಿಯೊಂದೇ. ಅವನು ತನ್ನ ಬೇನೆಗೆ ತಾನೇ ಇಟ್ಟ ಹೆಸರನ್ನು ಕೇವಲ ಬೈಗುಳವೆಂದು ಬರೆದಿಡುವುದು ಪಾಂಡಿತ್ಯವಲ್ಲ, ಮೈಗಳ್ಳತನ. ಇಂಗ್ಲಿಷ್–ಕನ್ನಡ ನಿಘಂಟನ್ನು ರಚಿಸುವವರಾದರೂ 'ಹುಚ್ಚು' ಎಂಬುದನ್ನು ಎರಡನೆಯ ಅರ್ಥವಾಗಿ ಕೊಟ್ಟು, 'ಊರಿಗೆ ಹೋಗುವ ಹಡಗಿಗಾಗಿ ಕಾದು ಕಾದು ಸೈನಿಕನಿಗೆ ಉಂಟಾದ ಚಿತ್ತವಿಕಾರ' ಎಂಬುದನ್ನು ಮೊದಲಿಗೆ ಬರೆಯಲಿ.