ಶ್ರೀರಂಗಪಟ್ಟಣ ಅಂದ್ರೆ ಬರೀ ಟಿಪ್ಪುನಾ?

ಶ್ರೀರಂಗಪಟ್ಟಣ ಅಂತ ಎಲ್ಲಾದ್ರೂ ಒಂದು ಸಾಲು ಬರೆದು ನೋಡಿ. ಮೂರನೇ ಕಾಮೆಂಟಿಗೆ ಜಗಳ ಶುರು. ಒಬ್ಬರು 'ಮೈಸೂರು ಹುಲಿ' ಅಂತಾರೆ, ಇನ್ನೊಬ್ಬರು 'ಮತಾಂಧ' ಅಂತಾರೆ. ಹತ್ತನೇ ಕಾಮೆಂಟಿನ ಹೊತ್ತಿಗೆ ಇಬ್ಬರೂ ಒಬ್ಬರ ಮನೆತನ ಇನ್ನೊಬ್ಬರು ಜಾಲಾಡ್ತಾ ಇರ್ತಾರೆ. ಪಾಪ, ಊರು ಎಲ್ಲಿ ಹೋಯ್ತು ಅಂತ ಕೇಳುವವರೇ ಇಲ್ಲ.

ನನ್ನ ತಕರಾರು ಇಷ್ಟೇ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಸೇರಿಕೊಂಡು ಆ ದ್ವೀಪವನ್ನೇ ನುಂಗಿ ಹಾಕಿದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಾರೀ ಒಗ್ಗಟ್ಟು!

ಸ್ವಲ್ಪ ಲೆಕ್ಕ ಹಾಕೋಣ (ಇಂಜಿನಿಯರ್ ಬುದ್ಧಿ, ಎಲ್ಲಿ ಹೋಗುತ್ತೆ). ಕಾವೇರಿ ಎರಡಾಗಿ ಕವಲೊಡೆದು ಮತ್ತೆ ಸೇರುವ ನಡುವೆ ಇರುವ ಸುಮಾರು ಐದು ಕಿಲೋಮೀಟರ್ ಉದ್ದದ ದ್ವೀಪ ಅದು. ರಂಗನಾಥನ ಗುಡಿಯನ್ನು ಗಂಗರ ಕಾಲದಲ್ಲಿ ತಿರುಮಲಯ್ಯ ಅನ್ನುವವರು 894ರಲ್ಲಿ ಕಟ್ಟಿಸಿದರು ಅಂತ ಊರಿನ ಇತಿಹಾಸ ಹೇಳುತ್ತೆ. ಕೋಟೆ ಎದ್ದದ್ದು 1454ರಲ್ಲಿ, ವಿಜಯನಗರದ ಕಾಲಕ್ಕೆ. 1610ರಲ್ಲಿ ರಾಜ ಒಡೆಯರು ಪಟ್ಟಣ ಹಿಡಿದರು. ಹೈದರಾಲಿ ಅಧಿಕಾರಕ್ಕೆ ಬಂದದ್ದು 1761ರಲ್ಲಿ, ಟಿಪ್ಪು ಸತ್ತದ್ದು 1799ರ ಮೇ 4ರಂದು. ಅಪ್ಪ ಮಗ ಇಬ್ಬರದೂ ಸೇರಿ 38 ವರ್ಷ. ಸಾವಿರದ ನೂರು ಚಿಲ್ಲರೆ ವರ್ಷದಲ್ಲಿ ನೂರಕ್ಕೆ ಮೂರೂವರೆ ಪಾಲೂ ಆಗಲ್ಲ. ಉಳಿದ ತೊಂಬತ್ತಾರು ಪಾಲು ಯಾರ ಮನೆ ಅಟ್ಟದಲ್ಲಿ ಬಿದ್ದಿದೆ?

ಆ ಅಟ್ಟದಲ್ಲಿ ಏನೇನಿದೆ ಗೊತ್ತಾ? ನಾವು ನಾಡಹಬ್ಬ ಅಂತ ಎದೆ ಉಬ್ಬಿಸುವ ಮೈಸೂರು ದಸರಾ ಶುರುವಾದದ್ದು ಮೈಸೂರಲ್ಲಲ್ಲ. 1610ರಲ್ಲಿ ರಾಜ ಒಡೆಯರು ಅದನ್ನು ಶುರು ಮಾಡಿದ್ದು ಇದೇ ದ್ವೀಪದಲ್ಲಿ. ಆಮೇಲೆ ಚಿಕ್ಕದೇವರಾಜ ಒಡೆಯರ ಕಾಲ (1673-1704). ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ 'ಮಿತ್ರವಿಂದಾ ಗೋವಿಂದ'ವನ್ನು ಸಿಂಗರಾರ್ಯ ಬರೆದದ್ದು ಇವರ ಆಸ್ಥಾನದಲ್ಲಿ. ಶ್ರೀಹರ್ಷನ 'ರತ್ನಾವಳಿ'ಯ ರೂಪಾಂತರ ಅದು. ಅದೇ ಅರಮನೆಯಲ್ಲಿ ರಾಣಿಯ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗದ ಹೆಣ್ಣುಮಗಳೊಬ್ಬಳು ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಸಂಚಿಯ ಹೊನ್ನಮ್ಮ! ಪತಿವ್ರತೆಯ ಧರ್ಮ ಹೇಳುತ್ತಲೇ, ಹೆಣ್ಣನ್ನು ಹೀನಾಯ ಮಾಡುವವರನ್ನು ನೇರವಾಗಿ ಪ್ರಶ್ನಿಸಿದವಳು. ಊಳಿಗದವಳು ಕವಿಯಾದ ಊರು ಸ್ವಾಮಿ ಅದು. ಕನ್ನಡ ಕನ್ನಡ ಅಂತ ಕೂಗುವ ನಮಗೆ ಶ್ರೀರಂಗಪಟ್ಟಣ ಅಂದ ತಕ್ಷಣ ಹೊನ್ನಮ್ಮ ಯಾಕೆ ನೆನಪಾಗಲ್ಲ?

"ಓಹೋ, ಟಿಪ್ಪು ವಿಷಯ ಜಾರಿಸ್ತಿದ್ದೀಯ" ಅನ್ನಬೇಡಿ, ಅದಕ್ಕೇ ಬಂದೆ. 1784ರಲ್ಲಿ ಮಂಗಳೂರು ಕಡೆಯ ಸಾವಿರಾರು ಕ್ರೈಸ್ತರನ್ನು ಸೆರೆ ಹಿಡಿದು ಈ ದ್ವೀಪಕ್ಕೆ ನಡೆಸಿಕೊಂಡು ಬಂದದ್ದು ನಿಜ. ಕೊಡವರ ನೋವು ನಿಜ. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ದೋಚಿದ ಮೇಲೆ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ ನೆರವು ಕಳಿಸಿದ್ದೂ ಅಷ್ಟೇ ನಿಜ. ಅರಮನೆಯ ಪಕ್ಕದಲ್ಲೇ ರಂಗನಾಥನಿಗೆ ಪೂಜೆ ನಡೆಯುತ್ತಿದ್ದದ್ದೂ ನಿಜ. ಒಂದು ನಿಜ ಇನ್ನೊಂದನ್ನು ಅಳಿಸಬೇಕು ಅಂತ ಯಾವ ಕಾನೂನಿದೆ? ನಮ್ಮ ಸರ್ಕಾರಗಳೂ ಕಡಿಮೆ ಇಲ್ಲ. 2015ರಲ್ಲಿ ಒಬ್ಬರು ಟಿಪ್ಪು ಜಯಂತಿ ಶುರು ಮಾಡಿದರು, 2019ರಲ್ಲಿ ಇನ್ನೊಬ್ಬರು ರದ್ದು ಮಾಡಿದರು. ಸ್ವಿಚ್ ಹಾಕಿ ತೆಗೆಯೋಕೆ ಇತಿಹಾಸ ಏನು ಟ್ಯೂಬ್‌ಲೈಟಾ?

ಈಗ ಇನ್ನೊಂದು ದ್ವೀಪದ ಕಥೆ ಕೇಳಿ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ. ವಿಸ್ತೀರ್ಣ 316 ಚದರ ಕಿಲೋಮೀಟರ್, ಜನ ಐದು ಲಕ್ಷ ಚಿಲ್ಲರೆ. ನಮಗೂ ಅದಕ್ಕೂ ಏನು ನಂಟು ಅಂತೀರಾ? ನೆಪೋಲಿಯನ್ 1798ರ ಜೂನಿನಲ್ಲಿ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಮಾಲ್ಟಾ ಹಿಡಿದ. ಮುಂದಿನ ವರ್ಷ ಕೈರೋದಿಂದ ಅವನು ಟಿಪ್ಪುಗೆ ಬರೆದ ಪತ್ರ ಶ್ರೀರಂಗಪಟ್ಟಣ ತಲುಪಲೇ ಇಲ್ಲ. 1799ರಲ್ಲಿ ಬ್ರಿಟಿಷರ ಪರವಾಗಿ ಇಲ್ಲಿ ಕಾದಾಡಿದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳು ಇವತ್ತಿಗೂ ಶ್ರೀರಂಗಪಟ್ಟಣದಲ್ಲಿವೆ. ಅದೇ ರೆಜಿಮೆಂಟು 1813ರಲ್ಲಿ ಕೆನಡಾಕ್ಕೆ ಹಡಗು ಹತ್ತಿದ್ದು ಮಾಲ್ಟಾದಿಂದ!

ಮಾಲ್ಟಾವನ್ನು ಆಳದವರೇ ಇಲ್ಲ. ಫಿನೀಷಿಯನ್ನರು, ರೋಮನ್ನರು, ಅರಬರು, ನೈಟ್‌ಗಳು, ಫ್ರೆಂಚರು, ಬ್ರಿಟಿಷರು. 1565ರಲ್ಲಿ ತುರ್ಕರ ದಂಡನ್ನು ಹಿಮ್ಮೆಟ್ಟಿಸಿದ್ದಕ್ಕೆ ಇವತ್ತಿಗೂ ಸೆಪ್ಟೆಂಬರ್ 8ರಂದು ರಾಷ್ಟ್ರೀಯ ರಜೆ. ಆದರೆ ಅವರ ಭಾಷೆ ಅರಬ್ಬಿಯ ಮಗಳು. ಕ್ಯಾಥೊಲಿಕ್ ಜನ ಚರ್ಚಿನಲ್ಲಿ ದೇವರನ್ನು 'ಅಲ್ಲಾ' ಅಂತಲೇ ಕರೀತಾರೆ, ಈಸ್ಟರ್ ಮುಂಚಿನ ಉಪವಾಸಕ್ಕೆ 'ರಂದಾನ್' ಅಂತಾರೆ. ಗೆದ್ದ ಯುದ್ಧವನ್ನು ಮರೆತಿಲ್ಲ, ನಾಲಿಗೆಯ ಮೇಲಿರುವ ಪದಗಳನ್ನು ಕೆರೆದು ತೆಗೆದೂ ಇಲ್ಲ. ಆ ಪುಟ್ಟ ಭಾಷೆ 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆ.

ಈ ರೋಗ ದ್ವೀಪಕ್ಕೆ ಮಾತ್ರ ಅಂಟಿಕೊಂಡಿಲ್ಲ. ನಮ್ಮ ದೇವನಹಳ್ಳಿಯನ್ನೇ ನೋಡಿ. ಏರ್‌ಪೋರ್ಟ್ ಬಿಟ್ಟರೆ 'ಟಿಪ್ಪು ಹುಟ್ಟಿದ ಊರು', ಅಷ್ಟೇ. 1501ರಲ್ಲಿ ಅಲ್ಲಿ ಮೊದಲು ಕೋಟೆ ಕಟ್ಟಿಸಿದ ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡರ ಹೆಸರು ಎಷ್ಟು ಜನಕ್ಕೆ ಗೊತ್ತು? ಕೋಟೆ ಮುಂದೆ ಸೆಲ್ಫಿ ತಗೊಂಡು, ಚಕ್ಕೋತ ಹಣ್ಣು ಕೊಂಡು, ಮನೆಗೆ ಬಂದು ಮತ್ತೆ ಅದೇ ಜಗಳ.

2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಟಿಪ್ಪು ಕಾಲದ ಮದ್ದುಮನೆ ಅಡ್ಡ ಬಂತು. ಕೆಡವಲಿಲ್ಲ, ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಹಳಿಯೂ ಬಂತು, ಮದ್ದುಮನೆಯೂ ಉಳೀತು. ಕಲ್ಲು ಗಾರೆಯ ಕಟ್ಟಡಕ್ಕೇ ಜಾಗ ಮಾಡಿಕೊಡಬಹುದು ಅಂದ್ರೆ, ನಮ್ಮ ತಲೆಯೊಳಗೆ ತಿರುಮಲಯ್ಯ, ರಾಜ ಒಡೆಯರು, ಹೊನ್ನಮ್ಮ, ಟಿಪ್ಪು ನಾಲ್ಕೂ ಜನಕ್ಕೆ ಜಾಗ ಇಲ್ವಾ?

ಬ್ಲಾಗಿಗ ಗೆಳೆಯರೇ, ಟಿಪ್ಪು ಬಗ್ಗೆ ಬರೀಬೇಡಿ ಅಂತ ನಾನು ಹೇಳ್ತಿಲ್ಲ. ಧಾರಾಳವಾಗಿ ಬರೀರಿ, ಜಗಳಾನೂ ಆಡಿ. ಆದರೆ ಮುಂದಿನ ಸಲ ಜಗಳಕ್ಕೆ ಇಳಿಯೋ ಮುಂಚೆ ಆ ತೊಂಬತ್ತಾರು ಪಾಲಿನಿಂದ ಒಂದಾದರೂ ಬರಹ ಹಾಕಿ. ಹೊನ್ನಮ್ಮನ ಮೇಲೆ ಯಾರು ಮೊದಲು ಬರೀತೀರಿ? ಕಾಯ್ತಾ ಇರ್ತೀನಿ.